ರೋಮನ್ನರ ಮಡಚುವ ಚಮಚ

ಪಾರ್ಶ್ವವಾಯು ಬಡಿದು ಕೈ ನಡುಗತೊಡಗಿದ ಮೇಲೆ ನಿಜಲಿಂಗಪ್ಪ ನಾಲ್ಕು ಜನರ ಎದುರು ಉಣ್ಣುವುದನ್ನೇ ಬಿಟ್ಟಿದ್ದರು. ಮನೆಯಲ್ಲಿ ಹೆಂಡತಿ ಮಲ್ಲವ್ವನೇ ಉಣಿಸಬೇಕು. ಕೆನಡಾದ ಓಕ್‌ವಿಲ್‌ನ ವೃದ್ಧಾಶ್ರಮವೊಂದರ ಲಾಂಡ್ರಿಯಲ್ಲಿ ಶಿಫ್ಟು ಮುಗಿಸಿ ಬಂದು ಅವರಿಗೆ ತುತ್ತು ಕೊಡುವಷ್ಟರಲ್ಲಿ ಅವಳ ಮೈಯಲ್ಲಿ ಜೀವವೇ ಇರುತ್ತಿರಲಿಲ್ಲ.

2017ರ ಮಾರ್ಚಿನ ಒಂದು ರವಿವಾರ ಮಗಳು ಒತ್ತಾಯ ಮಾಡಿ ಇಬ್ಬರನ್ನೂ ಟೊರೊಂಟೋದ ಮ್ಯೂಸಿಯಮ್ಮಿಗೆ ಕಳಿಸಿದಳು. ಅಲ್ಲಿ ರೋಮನ್ನರ ಕಾಲದ ಬೆಳ್ಳಿಯ ಸಾಮಾನೊಂದರ ಎದುರು ನಿಜಲಿಂಗಪ್ಪ ನಿಂತುಬಿಟ್ಟರು. ಅಂಗೈಯಷ್ಟೇ ಇದ್ದ ಅದರಲ್ಲಿ ಚಮಚ, ಚೂರಿ, ಮುಳ್ಳುಚಮಚ ಎಲ್ಲವೂ ಮಡಚಿಕೊಳ್ಳುತ್ತಿದ್ದವು.

"ಇದ್ಯಾಕಂತ?"

ಮಲ್ಲವ್ವ ಫಲಕ ಓದಿದಳು. "ಊರಿಗೆ ಹೋಗುವಾಗ ಉಣ್ಣಾಕ ಒಯ್ತಿದ್ದಿರಬೇಕಂತ್ರಿ. ಸಿರಿವಂತರದ್ದು."

"ಅಂಥಾವ್ರೂ ತಮ್ಮ ಚಮಚಾ ತಾವ ಒಯ್ತಿದ್ರೇನು?" ಅವರು ಮಲ್ಲವ್ವನ ಕಡೆ ತಿರುಗಿದರು. "ಆಸ್ಪತ್ರ್ಯಾಗ ಕೊಟ್ಟ ದಪ್ಪ ಹಿಡಿಕಿ ಚಮಚಾ ನಿನ್ನ ಬ್ಯಾಗಿನ್ಯಾಗ ಐತೇನು?"

ಇತ್ತು. ನಡುಗುವ ಕೈಗೂ ಹಿಡಿತ ಸಿಗಲೆಂದು ಕೊಟ್ಟಿದ್ದ ಅದನ್ನು ಅವರು ಮುಟ್ಟಿರಲಿಲ್ಲ; ತಿಂಗಳುಗಟ್ಟಲೆ ಅವಳು ಸುಮ್ಮನೆ ಹೊತ್ತು ತಿರುಗಿದ್ದಳು.

ಕೆಫೆಟೇರಿಯಾದ ಗದ್ದಲದ ನಡುವೆ ನಿಜಲಿಂಗಪ್ಪ ಆ ಚಮಚದಿಂದ ತಾವೇ ಸೂಪು ಕುಡಿದರು. ಅರ್ಧದಷ್ಟು ಅಂಗಿಯ ಮೇಲೆ ಚೆಲ್ಲಿತು. ಮಲ್ಲವ್ವ ಒರೆಸಲು ಎದ್ದಳು.

"ಕುಂದ್ರು. ನಾನ ಒರಸ್ಕೋತೀನಿ."

ಮಲ್ಲವ್ವ ಕೂತಳು. ಕೂತ ಮೇಲೆಯೇ ತನ್ನ ಕಾಲುಗಳು ಎಷ್ಟು ನೋಯುತ್ತಿವೆ ಎಂಬುದು ಅವಳಿಗೆ ತಿಳಿಯಿತು.