ಎಡಗೈಯಲ್ಲಿ ಉಳಿದ ಕಲ್ಲು

ದೀಪ ಹತ್ತಿತು, ಸದ್ದೇ ಕೊಟ್ಟಿರಲಿಲ್ಲ, ಅವನ ಬೆರಳು ಇನ್ನೂ ಗುಂಡಿಯ ಮೇಲೆ ಸುಮ್ಮನೆ ಕೂತಿತ್ತು, ಆದರೂ ಮೇಜಿನ ಮೇಲಿನ ಪುಟ್ಟ ಹಸಿರು ದೀಪ ಹತ್ತಿ ಆರಿತು, ಅಂದರೆ ಗಾಜಿನ ಆಚೆ, ಡಬ್ಬಿಯಂಥ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತಿರುವ ಬಸ್ ಡ್ರೈವರ್ ಕೇಳಿಸದ್ದನ್ನು ಕೇಳಿಸಿತು ಎಂದು ಸ್ವಿಚ್ ಒತ್ತಿದ್ದಾನೆ, ಇದು ಮೂರನೆಯ ಸಲ. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ, ಕಿವಿ ಡಾಕ್ಟರರ ಆಸ್ಪತ್ರೆಯ ಹಿಂದಿನ ಕೋಣೆ, ಜನರ ಕಿವಿಗೆ ಸಣ್ಣ ಸದ್ದು ಕೊಡುವುದು, ಕೇಳಿಸಿದವರು ಒತ್ತುತ್ತಾರೆ, ದೀಪ ಹತ್ತುತ್ತದೆ, ಇವನು ಹಾಳೆಯಲ್ಲಿ ಗುರುತು ಹಾಕುತ್ತಾನೆ. ಕೆಂಪು ಗುಂಡಿ ಒತ್ತಿ ಹಿಡಿದ, ಅದನ್ನು ಒತ್ತಿದರೆ ಮಾತ್ರ ಇವನ ಮಾತು ಗಾಜಿನಾಚೆ ಹೋಗುವುದು, ಯಜಮಾನ್ರೇ, ಕೇಳಿಸಿದ್ರೆ ಮಾತ್ರ ಒತ್ತಿ, ಅಂದ, ಕೇಳಿಸ್ತಲ್ಲ ಸಾರ್, ಸಣ್ಣಗೆ ಪೀಂ ಅಂತು, ಅಂದ ಡ್ರೈವರ್, ಗುಂಡು ಮುಖ, ಅಂಗಿಯ ಕಂಕುಳಲ್ಲಿ ಬೆವರಿನ ನಕಾಶೆ, ಲೈಸೆನ್ಸಿನ ನವೀಕರಣಕ್ಕೆ ಬಂದವನು, ಕಿವಿ ಪಾಸಾಗದಿದ್ದರೆ ಇನ್ನು ಮೇಲೆ ಡಿಪೋದ ಗೇಟು ತೆಗೆಯುವ, ಮುಚ್ಚುವ ಕೆಲಸ — ಸುಳ್ಳು ಒತ್ತುವವರು ಕೆಟ್ಟವರಲ್ಲ, ಹೆದರಿದವರು, ಇದನ್ನು ಈ ಕೆಲಸ ಕಲಿಸಿದ ಸಂಜೆ ತರಗತಿಯ ಮೇಷ್ಟ್ರು ಹೇಳಿಕೊಟ್ಟಿರಲಿಲ್ಲ, ತಪ್ಪು ಒತ್ತು ಬಂದರೆ ಇನ್ನೊಮ್ಮೆ ಕೊಡಿ, ಎಂದಷ್ಟೇ ಬರೆಸಿದ್ದರು, ಅವನು ಗುಂಡಗಿನ ಅಕ್ಷರದಲ್ಲಿ ಬರೆದುಕೊಂಡಿದ್ದ, ಆ ನೋಟ್‌ಬುಕ್ ಇನ್ನೂ ಖಾನೆಯಲ್ಲಿದೆ, ಈಗಲೂ ಅನುಮಾನ ಬಂದಾಗ ತೆಗೆದು ನೋಡುತ್ತಾನೆ, ನರ್ಸಮ್ಮ ನಗುತ್ತಾಳೆ, ಅಣ್ಣಾ, ಪರೀಕ್ಷೆ ಯಾವಾಗ ಅಂತ.

ಬಾಗಿಲಿನ ಸಂದಿಯಲ್ಲಿ ಕ್ರಿಕೆಟ್ ಕಿಟ್ ಬ್ಯಾಗಿನ ಮೂತಿ ಕಾಣುತ್ತಿದೆ, ನೀಲಿ, ಜಿಪ್ಪು ಕಿತ್ತಿದೆ, ಅದರ ಪಕ್ಕ ಬೆಂಚಿನಲ್ಲಿ ಮಗಳು, ಕಾಲಾಡಿಸುತ್ತ ಕೂತಿದ್ದಾಳೆ, ಎರಡು ಗಂಟೆಗೆ ಅವಳ ಮ್ಯಾಚು, ತಂಡ ಆರಿಸಲು ಇದೇ ಕೊನೆಯ ಮ್ಯಾಚು, ಮೈದಾನಕ್ಕೆ ನೇರ ಹೋಗುವುದು ಬಿಟ್ಟು ಎರಡು ಬಸ್ ಬದಲಿಸಿ ಇಲ್ಲಿಗೆ ಬಂದಿದ್ದಾಳೆ, ಯಾಕಮ್ಮ ಅಂದರೆ ನಿನ್ನ ಹತ್ರ ಒಂದು ಕೇಳೋದಿದೆ ಅಂದಳು, ಕೇಳೋದೇನು ಎಂದು ಅವನಿಗೆ ಗೊತ್ತು, ಮೊನ್ನೆಯಿಂದ ಗೊತ್ತು. ಮೊನ್ನೆಯ ಮ್ಯಾಚಿನಲ್ಲಿ ಮೂವತ್ತೆಂಟು ರನ್ ಹೊಡೆದು ನಿಂತಿದ್ದವಳು, ಬ್ಯಾಟಿನ ಪಕ್ಕ ಎಲ್ಲೋ ಟಿಕ್ ಅಂದದ್ದೇ ತಡ, ಅಂಪೈರ್ ಇಲ್ಲ ಎಂದು ತಲೆಯಾಡಿಸುವ ಮೊದಲೇ ಬ್ಯಾಟು ಕಂಕುಳಿಗೆ ಸಿಕ್ಕಿಸಿ ನಡೆದೇ ಬಿಟ್ಟಳು, ಔಟ್ ಅಂತ ತನಗೆ ತಾನೇ ತೀರ್ಪು ಕೊಟ್ಟುಕೊಂಡು, ಕೋಚ್ ಮೇಡಂ ರಾತ್ರಿಯೇ ಫೋನ್ ಮಾಡಿದ್ದರು, ಸಾರ್, ನಿಮ್ಮ ರೋಗ ಮಗಳಿಗೂ ಬಂದಿದೆ, ಇನ್ನೊಂದು ಸಲ ಹೀಗೆ ಮಾಡಿದರೆ ನಾನು ಅವಳ ಹೆಸರು ಹೇಳೋದಿಲ್ಲ, ಆಮೇಲೆ ಬೇಜಾರು ಮಾಡ್ಕೋಬೇಡಿ. ನಿಮ್ಮ ರೋಗ. ಅವರು ಮೆಚ್ಚಿಯೇ ಹೇಳಿದ್ದು, ಎಲ್ಲರೂ ಮೆಚ್ಚಿಯೇ ಹೇಳುತ್ತಾರೆ, ಡಾಕ್ಟರು ಕೂಡ ಹೊಸ ಪೇಷಂಟು ಬಂದರೆ ಗೋಡೆಯ ಮೇಲಿನ ಚೌಕಟ್ಟು ತೋರಿಸುತ್ತಾರೆ, ಹಳದಿಯಾದ ಪತ್ರಿಕೆಯ ತುಣುಕು, ಅಂಪೈರ್ ಕೊಡದಿದ್ದರೂ ಔಟೆಂದು ನಡೆದ ಯುವಕ, ಇವರೇ ನೋಡಿ, ನಮ್ಮ ಹರಿಶ್ಚಂದ್ರ, ಒಂದೇ ಟೆಸ್ಟ್ ಆಡಿದ್ದು, ಆದರೆ ಹೇಗೆ ಆಡಿದರು — ಡ್ರೈವರ್ ಎದ್ದು ಬಂದ, ಪಾಸಾ ಸಾರ್? ಇನ್ನೊಂದು ಸಲ ಮಾಡೋಣ, ಹತ್ತು ನಿಮಿಷ ಹೊರಗೆ ಕೂತು ನೀರು ಕುಡಿದು ಬನ್ನಿ, ಅಂದ ಇವನು, ಡ್ರೈವರ್ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡ, ನಿಜ ಹೇಳ್ತೀನಿ ಸಾರ್, ಬೆರಳು ನನ್ನ ಮಾತೇ ಕೇಳಲ್ಲ, ಹೆದರಿಕೆಗೆ ತಾನೇ ಒತ್ತಿಬಿಡುತ್ತೆ. ಎಷ್ಟು ಸಲೀಸಾಗಿ ಹೇಳಿಬಿಟ್ಟ, ಇಪ್ಪತ್ತು ನಿಮಿಷ ಹಿಡಿಯಿತು ಅವನಿಗೆ, ಇವನಿಗೆ ಇಪ್ಪತ್ತೊಂಬತ್ತು ವರ್ಷ ಕಳೆದರೂ ಹೇಳಲು ಆಗಿಲ್ಲ.

ಆ ಟೆಸ್ಟಿನ ಮೊದಲ ಇನ್ನಿಂಗ್ಸಿನಲ್ಲಿ ಅರವತ್ತೆರಡು ಹೊಡೆದಿದ್ದ, ಅದು ಸುಳ್ಳಲ್ಲ, ಕವರ್ ಡ್ರೈವಿಗೆ ಎದುರು ತಂಡದವರೇ ಭೇಷ್ ಅಂದಿದ್ದರು, ಅದೂ ಸುಳ್ಳಲ್ಲ, ಎರಡನೆಯದರಲ್ಲಿ ಹದಿನೇಳು ಆಗಿತ್ತು, ಚಹಾದ ವಿರಾಮಕ್ಕೆ ಮೊದಲಿನ ಕೊನೆಯ ಓವರು, ಆ ಉದ್ದ ಕಾಲಿನ ವೇಗದವನು, ಮೂರನೆಯ ಬಾಲು ಕೊರಳ ಎಲುಬಿಗೆ ಬಡಿಯಿತು, ನಾಲ್ಕನೆಯದು ಕಿವಿಯ ಪಕ್ಕ ಹೋಯಿತು, ಹೋಗುವಾಗ ಬಟ್ಟೆ ಹರಿದಂಥ ಸದ್ದು, ಅಂಥ ಸದ್ದನ್ನು ಈ ಯಂತ್ರ ಕೊಡಲಾರದು, ಐದನೆಯದು ಬ್ಯಾಟನ್ನು ದಾಟಿ ಕೀಪರಿನ ಕೈಗೆ, ದಾಟುವಾಗ ಟಿಕ್, ಬಲಗಾಲ ಪ್ಯಾಡಿನ ಬಕಲ್ ಸಡಿಲವಾಗಿತ್ತು, ಬೆಳಗಿನಿಂದ ಸಡಿಲವಾಗಿತ್ತು, ಬ್ಯಾಟಿನ ಹಿಂಬದಿ ಅದಕ್ಕೆ ತಾಗಿತು, ಅವನಿಗೆ ಗೊತ್ತು, ಬ್ಯಾಟು ಹಿಡಿದವನಿಗೆ ಅಂಗೈಯಲ್ಲೇ ಗೊತ್ತಾಗುತ್ತದೆ. ಕೀಪರ್ ಕೂಗಿದ, ಸ್ಲಿಪ್ಪಿನವರು ಕೂಗಿದರು, ಅಂಪೈರ್ ಅಲುಗಲಿಲ್ಲ. ಮುದುಕ ಅಂಪೈರು, ಬಾಲು ಲೆಕ್ಕ ಇಡಲು ಆರು ಬಿಳಿ ಕಲ್ಲು ಇಟ್ಟುಕೊಂಡಿದ್ದ, ಬಾಲಿಗೊಂದರಂತೆ ಎಡಗೈಯಿಂದ ಬಲಗೈಗೆ, ನಿಧಾನವಾಗಿ ಐದನೆಯದನ್ನು ಬಲಗೈಗೆ ಹಾಕಿಕೊಂಡ, ಇನ್ನೊಂದೇ ಬಾಲು, ಒಂದು ಬಾಲು ಆಡಿದ್ದರೆ ಚಹಾ, ಆಮೇಲೆ ಬೌಲರಿಗೂ ಸುಸ್ತು, ಎಲ್ಲ ಗೊತ್ತಿತ್ತು, ಆದರೆ ಕಾಲು ನಡೆಯತೊಡಗಿತು, ಇವನನ್ನು ಕೇಳದೆ, ಡ್ರೈವರಿನ ಬೆರಳಿನ ಹಾಗೆ. ಪೆವಿಲಿಯನ್ ಅಂಪೈರಿನ ಹಿಂದಿತ್ತು, ಅವನ ಪಕ್ಕದಲ್ಲೇ ಹಾದು ಹೋಗಬೇಕು, ಎಲ್ಲಿಗಪ್ಪ, ನಾನು ಕೊಟ್ಟಿಲ್ಲ, ಅಂದ ಮುದುಕ, ಎಡಗೈ ಚಾಚಿದ, ಅಂಗೈ ತೆರೆದಿತ್ತು, ಅದರಲ್ಲಿ ಒಂದು ಕಲ್ಲು, ತಗುಲಿತಾ? ಹೂಂ, ತಗುಲಿತು, ಅಂದ ಇವನು. ಅಷ್ಟೇ, ಎರಡು ಮಾತು.

ತಂಡ ಹನ್ನೊಂದು ರನ್ನಿಂದ ಸೋತಿತು, ಕ್ಯಾಪ್ಟನ್ ಬೂಟು ಬಿಚ್ಚುತ್ತ, ಮಹಾರಾಯ, ಧರ್ಮ ಮಾಡೋಕೆ ಬಂದ್ಯೋ ರನ್ ಮಾಡೋಕೆ ಬಂದ್ಯೋ ಅಂದ, ಪತ್ರಿಕೆಯವರು ಹೊಗಳಿದರು, ಆರಿಸುವವರು ಮರೆತರು, ಊರ ತಂಡಕ್ಕೆ ಮತ್ತೆ ಆರು ಸಾವಿರ ರನ್ ಹೊಡೆದ, ಉಹೂಂ. ತನ್ನಂಥವರು ಬೇಕಾದಷ್ಟು ಜನ ಇದ್ದಾರೆ, ಅದೇ ಪಂದ್ಯದಲ್ಲಿ ಏಳು ವಿಕೆಟ್ ತೆಗೆದ ಸ್ಪಿನ್ನರ್ ಇದ್ದ, ಅವನದೂ ಮೊದಲನೆಯದು, ಅವನದೂ ಕೊನೆಯದು, ಈಗ ಈಜುಕೊಳದಲ್ಲಿ ಈಜುವವರನ್ನು ಕಾಯುತ್ತಾನೆ, ವರ್ಷಕ್ಕೊಮ್ಮೆ ಫೋನ್ ಮಾಡುತ್ತಾನೆ, ಏನೋ ಹರಿಶ್ಚಂದ್ರ, ನಂದು ಭುಜ ಹೋಯ್ತು, ನಿಂದೇನು ಹೋಯ್ತೋ? ತಮಾಷೆಗೆ ಕೇಳುವುದು, ಪ್ರತಿ ಸಲ ಇವನು ನಕ್ಕು ಮಗಳ ವಿಷಯಕ್ಕೆ ಜಾರುತ್ತಾನೆ. ಹೆಂಡತಿಗೂ ಹೇಳಿಲ್ಲ, ಹೇಳಬಹುದಿತ್ತು, ಮದುವೆಯ ಮಾತುಕತೆಯಲ್ಲೇ ಮಾವ ಆ ಪತ್ರಿಕೆಯ ತುಣುಕು ಎತ್ತಿ ಹಿಡಿದು, ಹುಡುಗ ಬಡವನಾದರೇನು, ಬಂಗಾರ, ಅಂದಮೇಲೆ ಹೇಗೆ ಹೇಳುವುದು, ಆಮೇಲೆ ಮಗಳು ಹುಟ್ಟಿದಳು, ಮಲಗುವಾಗ ಅವಳಿಗೆ ಅದೇ ಕಥೆ ಬೇಕು, ಆ ಅಜ್ಜ ಕಲ್ಲು ತೋರಿಸಿದನಾ, ನೀನು ಆದರೂ ಹೋದೆಯಾ, ಹೋದೆ, ಯಾಕೆ ಹೋದೆ, ತಗುಲಿತ್ತಲ್ಲ ಪುಟ್ಟಾ, ಅದಕ್ಕೆ. ಅಪ್ಪ ಅನ್ನಿಸಿಕೊಂಡವನು ಅವಳಿಗೆ ಕೊಟ್ಟ ಆಸ್ತಿ ಎಂದರೆ ಅದೊಂದೇ, ಅದೂ ನಕಲಿ.

ಮಗಳು ಒಳಗೆ ಬಂದಳು, ಚಿಕ್ಕಂದಿನಿಂದ ರೂಢಿ, ಗಾಜಿನ ಕೋಣೆಗೆ ಹೋಗಿ ಬಾಗಿಲೆಳೆದುಕೊಂಡು ಹೆಡ್‌ಫೋನ್ ಹಾಕಿ ಕೂತಳು, ಮ್ಯಾಚಿನ ದಿನ ಅಲ್ಲಿ ಕೂತರೆ ತಲೆ ತಣ್ಣಗಾಗುತ್ತದಂತೆ, ಅವಳ ದನಿ ಮೇಜಿನ ಸ್ಪೀಕರಿನಲ್ಲಿ ಬಂತು, ಅಪ್ಪಾ, ಮೊನ್ನೆ ತಗುಲಿತೋ ಇಲ್ಲವೋ ನಂಗೆ ಗೊತ್ತಿಲ್ಲ, ಸದ್ದಂತೂ ಬಂತು, ನಿಲ್ಲೋಕೆ ನಾಚಿಕೆ ಆಯ್ತು, ನಿನಗೆ ಅಷ್ಟು ಗಟ್ಟಿಯಾಗಿ ಹೇಗೆ ಗೊತ್ತಾಯ್ತು? ಕೆಂಪು ಗುಂಡಿ ಒತ್ತಿದ, ಅನುಮಾನ ಇದ್ದರೆ ನಿಂತುಕೋ, ತೀರ್ಪು ಅಂಪೈರಿನ ಕೆಲಸ, ಅಂದ, ಇಷ್ಟಕ್ಕೆ ಮುಗಿದರೆ ಸಾಕು, ಹಾವೂ ಸಾಯಬೇಕು ಕೋಲೂ ಮುರಿಯಬಾರದು. ನೀನು ನಿಲ್ಲಲಿಲ್ಲವಲ್ಲ, ಅಂದಳು ಅವಳು, ಅಂಪೈರೇ ಇಲ್ಲ ಅಂದರೂ ನಿಲ್ಲಲಿಲ್ಲ, ಇವತ್ತೂ ಟಿಕ್ ಅಂದರೆ ನಂಗೆ ನಿಲ್ಲೋಕಾಗಲ್ಲಪ್ಪ, ನಿನ್ನ ಮಗಳು ಅಂತ ಎಲ್ಲರೂ ನೋಡ್ತಿರ್ತಾರೆ, ಆಯ್ಕೆ ಆಗದಿದ್ದರೆ ಬೇಡ ಬಿಡು. ಗಡಿಯಾರದಲ್ಲಿ ಹನ್ನೊಂದೂವರೆ, ಹೊರಗೆ ಡ್ರೈವರ್ ಕೆಮ್ಮುತ್ತಿದ್ದಾನೆ, ಗುಂಡಿಯಿಂದ ಬೆರಳು ತೆಗೆದ, ತೆಗೆದು ಹೇಳಿದ, ತಗುಲಿರಲಿಲ್ಲ, ಹೆದರಿದ್ದೆ, ಇನ್ನೊಂದು ಬಾಲು ಆಡೋಕೆ ಹೆದರಿ ಓಡಿದ್ದೆ, ಗಾಜಿನಾಚೆ ಏನೂ ಹೋಗಲಿಲ್ಲ, ಅವಳು ಹುಬ್ಬು ಏರಿಸಿದಳು, ಹೆಡ್‌ಫೋನನ್ನು ಬೆರಳಿಂದ ತಟ್ಟಿದಳು, ಕೇಳಿಸ್ತಿಲ್ಲ, ಏನಂದೆ? ಹೇಳಿದ್ದಾಯಿತಲ್ಲ, ಒಬ್ಬನೇ ಹೇಳಿಕೊಂಡದ್ದೂ ಹೇಳಿದ ಹಾಗೇ ಅಲ್ಲವೇ, ಅಲ್ಲ, ತಪ್ಪು ಒತ್ತು ಬಂದರೆ ಇನ್ನೊಮ್ಮೆ ಕೊಡಿ, ಇವಳು ಇನ್ನು ಮುಂದೆ ಆ ಚೌಕಟ್ಟಿನ ಕೆಳಗೆ ಹಾದು ಹೋಗುವಾಗ ತಲೆ ಎತ್ತದಿದ್ದರೆ, ಎತ್ತದಿರಲಿ, ಎರಡು ಗಂಟೆಗೆ ಕ್ರೀಸಿನಲ್ಲಿ ನಿಲ್ಲಲಿ, ಬೆರಳು ಕೆಂಪು ಗುಂಡಿಯ ಮೇಲೆ ಹೋಯಿತು, ಒತ್ತಿತು, ತಗುಲಿರಲಿಲ್ಲ ಪುಟ್ಟಾ, ಬಕಲ್ ಅದು, ನನಗೆ ಆಗಲೇ ಗೊತ್ತಿತ್ತು, ಆ ಬೌಲರಿನ ಬಾಲಿಗೆ ಹೆದರಿ ಬಂದುಬಿಟ್ಟೆ. ಅವಳು ಅಲುಗಲಿಲ್ಲ, ಮುಖ ನೋಡಲಾಗದೆ ಅವನು ದೀಪವನ್ನು ನೋಡುತ್ತ ಕೂತ, ಪೇಷಂಟುಗಳಿಗೆ ಕಾಯುವ ಹಾಗೆ, ಒಂದು, ಎರಡು, ಮೂರು, ಹತ್ತಿತು, ಹಸಿರು, ಕೇಳಿಸಿದೆ, ಆರಲಿಲ್ಲ, ಒತ್ತಿ ಹಿಡಿದೇ ಇದ್ದಾಳೆ, ಸ್ಪೀಕರಿನಲ್ಲಿ ಉಸಿರು, ಆಮೇಲೆ ಮೆಲ್ಲಗೆ, ಆ ಅಜ್ಜ ಕೈ ತೋರಿಸಿದ್ದು ನಿಜಾನಾ ಅಪ್ಪಾ, ನಿಜ, ಅದೊಂದು ನಿಜ, ಚಾಚಿದ ಎಡಗೈ, ತೆರೆದ ಅಂಗೈ, ಗೆರೆಗಳ ನಡುವೆ ಬೆವರಿಗೆ ಅಂಟಿ ಕೂತ ಕಲ್ಲು, ಬಿಳಿ, ಒಂದೇ, ಇನ್ನೂ ಬಲಗೈಗೆ ಹೋಗದ್ದು.