ಭಾವನ ಕಾರಿನ ಹೊಸ ಸ್ಪೀಕರ್

ಕಾರಿನ ಸ್ಪೀಕರ್ ಸತ್ತಿದೆ ಎಂದು ಭಾವ ಗೊಣಗಲು ಶುರುಮಾಡಿ ಎರಡು ತಿಂಗಳಾಗಿತ್ತು. ಅವರ ಕಸುಬು ಪಿಯಾನೊಗಳ ಶ್ರುತಿ ಸರಿಪಡಿಸುವುದು. ಕೆಟ್ಟ ವಾದ್ಯಗಳ ದನಿಯನ್ನು ಊಟದ ಮೇಜಿನಲ್ಲಿ ನಮಗೆಲ್ಲ ಅನುಕರಿಸಿ ತೋರಿಸುತ್ತಿದ್ದರು: ನೆಗಡಿಯಾದ ಪಿಯಾನೊ, ಹಲ್ಲು ಕಟ್ಟಿಸಿಕೊಂಡ ಪಿಯಾನೊ, ಯಜಮಾನಿಗೆ ಹೆದರುವ ಪಿಯಾನೊ. ಈಗ ಸ್ಪೀಕರಿನ ಸರದಿ. "ಬಾಯಿಗೆ ಕಂಬಳಿ ತುರುಕ್ಕೊಂಡು ಹಾಡಿದ ಹಾಗಿದೆ ಕಣಯ್ಯಾ," ಎಂದು ಮೂಗಿನೊಳಗೇ ಹಾಡುತ್ತಿದ್ದರು. ಅಕ್ಕನೂ ನಾನೂ ನಗುತ್ತಿದ್ದೆವು. ಆಮೇಲೊಂದು ದಿನ ಅಕ್ಕ ನಗುವುದನ್ನು ನಿಲ್ಲಿಸಿದಳು.

ಅಂದು ಬಟ್ಟೆ ಒಗೆಯುವ ಮಿಷನ್ನು ಕೆಲಸ ಮುಗಿಸಿ ಕೀಂ ಕೀಂ ಎಂದು ಅರಚಿಕೊಳ್ಳುತ್ತಿದ್ದರೂ ಪಕ್ಕದಲ್ಲೇ ಕೂತಿದ್ದ ಭಾವ ಪೇಪರಿನಿಂದ ತಲೆ ಎತ್ತಿರಲಿಲ್ಲ. ಅದೇ ವಾರ ಒಂದು ಶಾಲೆಯ ಸಂಗೀತದ ಟೀಚರ್ ಫೋನ್ ಮಾಡಿ, ಭಾವ ಶ್ರುತಿ ಮಾಡಿಕೊಟ್ಟ ಪಿಯಾನೊದ ಮೇಲಿನ ಸ್ವರಗಳೆಲ್ಲ ಏರುಪೇರಾಗಿವೆ ಎಂದರು. ಭಾವ ಹವೆಯ ತೇವವನ್ನು ಬೈದರು. ಬರುವ ಶನಿವಾರ ಕಛೇರಿಗೆಂದು ದೊಡ್ಡ ಸಭಾಂಗಣದ ಪಿಯಾನೊ ಅವರ ಕೈಗೆ ಬರುವುದಿತ್ತು. ಅಲ್ಲಿ ಎಡವಟ್ಟಾದರೆ ಮೂವತ್ತು ವರ್ಷದ ಹೆಸರು ಒಂದೇ ಸಂಜೆಗೆ ಮಣ್ಣುಪಾಲು.

"ರೀ, ಒಂದ್ಸಲ ಕಿವಿ ತೋರಿಸ್ಕೊಂಡು ಬರೋಣ," ಎಂದಳು ಅಕ್ಕ.

"ನನ್ನ ಕಿವೀನಾ? ಸ್ಪೀಕರ್ ಕೆಟ್ಟರೆ ಕಿವಿಗೆ ಔಷಧಿ ಬಿಡ್ತಾರೇನೇ?"

"ಸರಿ, ಹೊಸ ಸ್ಪೀಕರ್ ಹಾಕಿಸೋಣ. ಆಗಲೂ ಮಂಕಾಗಿ ಕೇಳಿಸಿದ್ರೆ?"

"ಆಗ ನೀನು ಹೇಳಿದ ಡಾಕ್ಟರ ಮುಂದೆ ಬಾಯಿ ಮುಚ್ಕೊಂಡು, ಕಿವಿ ಬಿಟ್ಕೊಂಡು ಕೂರ್ತೀನಿ. ಆಯ್ತಾ?"

ಹೀಗೆ ಗುರುವಾರ ಕಾರನ್ನು ಒಯ್ಯುವ ಕೆಲಸ ನನ್ನ ತಲೆಗೆ ಬಂತು. ಹೊರಡುವಾಗ ಅಕ್ಕ ಗೇಟಿನವರೆಗೂ ಬಂದಳು. "ಕೆಟ್ಟಿರೋದು ಸ್ಪೀಕರೇ ಆಗಿರ್ಲಿ ಕಣೋ," ಎಂದಳು.

ಕಾರಿಗೆ ಸ್ಪೀಕರ್ ಕೂರಿಸುವ ಮೆಕ್ಯಾನಿಕ್ಕನ್ನು ಎಲ್ಲರೂ ಧಡಂ ಎಂದು ಕರೆಯುತ್ತಿದ್ದರು. ಅವನು ಕಾರಿನ ಬಾಗಿಲು ಹಾಕಿದರೂ ಧಡಂ, ಸ್ಕ್ರೂಡ್ರೈವರ್ ಕೆಳಗಿಟ್ಟರೂ ಧಡಂ. ಆದರೆ ಬಾಗಿಲಿನ ಒಳಹೊದಿಕೆಯನ್ನು ಬಿಡಿಸುವಾಗ ಮಾತ್ರ ಹೂವು ಬಿಡಿಸಿದ ಹಾಗೆ. ಹಿಡಿಯ ಹಿಂದಿನ ಎರಡು ಸ್ಕ್ರೂ ತೆಗೆದು, ಪ್ಲಾಸ್ಟಿಕ್ ಕ್ಲಿಪ್ಪುಗಳನ್ನು ಒಂದೊಂದಾಗಿ ಪಟಕ್ಕೆನಿಸಿ, ಹಳೆಯ ಸ್ಪೀಕರನ್ನು ಹೊರಗೆಳೆದು ಅಂಗೈಲಿಟ್ಟುಕೊಂಡ. ಹೆಬ್ಬೆರಳಿನಿಂದ ಒತ್ತಿ ನೋಡಿದ. ಟಾರ್ಚಿನ ಸೆಲ್ಲಿನಿಂದ ಎರಡು ವೈರು ತಂದು ಅದಕ್ಕೆ ಮುಟ್ಟಿಸಿದ. ಟಪ್ ಎಂದು ಅದು ಜಿಗಿಯಿತು.

"ಇದಕ್ಕೇನು ರೋಗ ಸರ್? ಅಂಚು ಹರಿದಿಲ್ಲ, ಕಾಗದ ಮೆತ್ತಗಾಗಿಲ್ಲ. ಇನ್ನೂ ಹತ್ತು ವರ್ಷ ಬಾಯಿ ಮಾಡುತ್ತೆ."

ನಾನು ಆಚೆ ಬದಿಗೆ ಕೈ ತೋರಿಸಿದೆ. "ಇನ್ನೊಂದು ಬಾಗಿಲಿನದ್ದು?"

ಅದೂ ಟಪ್ ಎಂದಿತು.

"ಆದ್ರೂ ಬದಲಾಯಿಸಿಬಿಡಿ," ಎಂದೆ.

ಮಧ್ಯಾಹ್ನದ ಹೊತ್ತಿಗೆ ಹೊಸವು ಕೂತವು. ಪಕ್ಕದ ಕನ್ನಡಿಗಳ ಒಳಮೂಲೆಯಲ್ಲಿ ಅಂಗಿಯ ದೊಡ್ಡ ಗುಂಡಿಯಷ್ಟಿದ್ದ ಟ್ವೀಟರುಗಳೆಂಬ ಪುಟಾಣಿ ಸ್ಪೀಕರುಗಳು. ಮೇಲಿನ ಸ್ವರಗಳೆಲ್ಲ ಅವುಗಳ ಪಾಲು. ಧಡಂ ಹಾಡು ಹಾಕಿದ. ತಾಳದ ಚಿನ್ ಚಿನ್ ಮಾತ್ರವಲ್ಲ, ಹಾಡುವಾಕೆ ಉಸಿರೆಳೆದುಕೊಂಡದ್ದೂ ಕೇಳಿಸಿತು. ಹಳೆಯದರಲ್ಲಿಯೂ ನನಗೆ ಅದು ಕೇಳಿಸುತ್ತಿತ್ತು ಎಂಬುದು ಆಗ ನೆನಪಾಯಿತು.

ಭಾವ ಇದೇ ಸೀಟಿನಲ್ಲಿ ಕೂತು, ಕತ್ತು ಓರೆ ಮಾಡಿ, ಚಿನ್ ಚಿನ್‌ಗಾಗಿ ಕಾಯುತ್ತಿರುವುದು ಕಣ್ಣಿಗೆ ಕಟ್ಟಿತು. ಬಾರದೇ ಹೋದಾಗಿನ ಅವರ ಮುಖವನ್ನು ಊಹಿಸಿಕೊಳ್ಳಲು ನನ್ನಿಂದ ಆಗಲಿಲ್ಲ.

"ಟ್ರೆಬಲ್, ಆ ಮೇಲಿನ ಸ್ವರ, ಇನ್ನಷ್ಟು ಏರಿಸಿ," ಎಂದೆ.

"ಸಾಕಲ್ವಾ?"

"ಇನ್ನೂ."

"ಸರ್, ಕಿವಿಗೆ ಸೂಜಿ ಚುಚ್ಚಿದ ಹಾಗಾಗುತ್ತೆ! ಯಾರಿಗೆ ಇದು, ಕಿವುಡರಿಗಾ?"

ನಾನೇ ಕೈ ಚಾಚಿ, ಸ್ಟೀರಿಯೊ ಪರದೆಯ ಮೇಲಿನ ಟ್ರೆಬಲ್ ಗೆರೆಯನ್ನು ಕೊನೆ ಮುಟ್ಟಿಸಿದೆ. ಧಡಂ ಎರಡು ಹೆಜ್ಜೆ ಹಿಂದೆ ಸರಿದ.

ಸಂಜೆ ಐದೂವರೆಗೆ ಮೂವರೂ ಒಂದು ಸುತ್ತು ಹೊರಟೆವು. ಭಾವ ಚಾಲಕನ ಸೀಟಿನಲ್ಲಿ, ಪಕ್ಕದಲ್ಲಿ ನಾನು, ಹಿಂದೆ ಅಕ್ಕ. ಹಾಡು ಶುರುವಾಯಿತು. ನನ್ನ ಹಲ್ಲುಗಳು ಜುಮ್ಮೆಂದವು. ಭಾವನ ಮುಖ ಮಾತ್ರ ಅರಳುತ್ತಾ ಹೋಯಿತು.

"ಚಿನ್! ಕೇಳಿಸ್ತೇನೇ? ಚಿನ್ ಚಿನ್!" ಸ್ಟೀರಿಂಗ್ ಮೇಲೆ ಬೆರಳಿನಲ್ಲಿ ತಾಳ ಹಾಕಿದರು. "ಹೇಳಿದ್ನಲ್ಲ ನಾನು, ಸ್ಪೀಕರಿನದ್ದೇ ತಕರಾರು ಅಂತ. ಡಾಕ್ಟರಂತೆ ಡಾಕ್ಟರು! ಶನಿವಾರ ನೋಡು ನನ್ನ ಕೈಚಳಕ."

ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಕೂತೆ. ಹೇಳಲೇ, ಬೇಡವೇ? ಹೇಳಿದರೆ ಈ ಮುಖ ಬಾಡುತ್ತದೆ. ಹೇಳದಿದ್ದರೆ ಶನಿವಾರ ಸಭಾಂಗಣದ ತುಂಬ ಜನರ ಮುಂದೆ ಬಾಡುತ್ತದೆ. "ಭಾವ..." ಎಂದೆ. ಹಾಡಿನ ಅಬ್ಬರಕ್ಕೆ ಅದು ನನಗೇ ಕೇಳಿಸಲಿಲ್ಲ.

ಅಷ್ಟರಲ್ಲಿ ಭಾವ ಮೇಲಿನ ಕನ್ನಡಿಯಲ್ಲಿ ಹಿಂದೆ ನೋಡಿದರು. ಅಕ್ಕ ಎರಡೂ ಅಂಗೈಗಳಿಂದ ಕಿವಿ ಮುಚ್ಚಿಕೊಂಡು, ಕಣ್ಣು ಬಿಗಿಮುಚ್ಚಿ ಕೂತಿದ್ದಳು.

ಬೆರಳ ತಾಳ ನಿಂತಿತು. ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದರು. ಪರದೆಯನ್ನು ಒತ್ತಿ, ಕೊನೆ ಮುಟ್ಟಿದ್ದ ಗೆರೆಯನ್ನು ತುಸು ಹೊತ್ತು ನೋಡಿದರು.

"ಇದನ್ನ ಏರಿಸಿದ್ದು ಯಾರು?"

"ನಾನೇ ಭಾವ."

ಬೈಯಲಿಲ್ಲ. ಗೆರೆಯನ್ನು ಮೆಲ್ಲಗೆ ನಡುಮಧ್ಯಕ್ಕೆ ಎಳೆದರು. ಅಕ್ಕನ ಕೈಗಳು ಕೆಳಗಿಳಿದವು.

"ಈಗ ನಿನಗೆ ಸರಿಯಾಗಿದೆಯೇನೇ?"

"ಹೂಂ ರೀ. ಈಗ ಚೆನ್ನಾಗಿದೆ."

"ತಾಳ ಇದೆಯಾ ಇದರಲ್ಲಿ?"

ಅಕ್ಕ ನನ್ನನ್ನು ನೋಡಿದಳು. ನಾನು ನನ್ನ ಚಪ್ಪಲಿಯನ್ನು ನೋಡಿದೆ.

"ಇದೆ ರೀ."

ಭಾವ ಟ್ವೀಟರಿನ ಹತ್ತಿರ ಬಾಗಿ, ಕಿವಿಯನ್ನು ಅದಕ್ಕೆ ತಾಗಿಸುವಷ್ಟು ಹತ್ತಿರ ತಂದು ಕೂತರು. ಹಾಡು ಮುಗಿಯುವವರೆಗೂ ಹಾಗೆಯೇ ಇದ್ದರು. ಆಮೇಲೆ ಸ್ಟೀರಿಯೊ ಆರಿಸಿದರು.

"ನೀನು ಹೇಳಿದ ಡಾಕ್ಟರು ಎಷ್ಟೊತ್ತಿನವರೆಗೆ ಇರ್ತಾರೆ?"

"ಏಳರವರೆಗೆ," ಎಂದಳು ಅಕ್ಕ.

"ಸಭಾಂಗಣದ ಮ್ಯಾನೇಜರಿಗೆ ಫೋನ್ ಮಾಡು ಮಾರಾಯ," ಎಂದರು ನನಗೆ. "ಶನಿವಾರಕ್ಕೆ ಬೇರೆಯವರನ್ನ ನೋಡ್ಕೊಳ್ಳಿ ಅನ್ನು. ಕಾರಣ ಕೇಳಿದ್ರೆ ನನ್ನ ಕೈಗೆ ಕೊಡು."

ಬಲಕ್ಕೆ ತಿರುಗಲು ಇಂಡಿಕೇಟರ್ ಹಾಕಿದರು. ಟಕ್, ಟಕ್, ಟಕ್. "ಇದು ಕೇಳಿಸ್ತಿದೆ," ಎಂದರು ತಮ್ಮಷ್ಟಕ್ಕೇ. ರಸ್ತೆ ಖಾಲಿಯೇ ಇತ್ತು. ಆದರೂ ಕಾರು ಹೊರಡಲು ಬಹಳ ಹೊತ್ತು ಹಿಡಿಯಿತು.