ಗೋಡೆ ಮೇಲಿನ ತೇಪೆ

ಬಣ್ಣದಂಗಡಿಯಲ್ಲಿ ನನ್ನನ್ನು ಎಲ್ಲರೂ ಹದ್ದುಗಣ್ಣು ಎಂದೇ ಕರೆಯುವುದು. ಹಳೇ ಗೋಡೆಯ ಒಂದು ಚಕ್ಕೆ ತಂದುಕೊಟ್ಟರೆ ಸಾಕು, ಯಂತ್ರ ಮುಟ್ಟದೆ ಅದೇ ಬಣ್ಣ ಕಲಸಿ ಕೊಡುತ್ತಿದ್ದೆ. ಈಚೆಗೆ ಈ ಹದ್ದಿಗೆ ಸಂಜೆಯಾದರೆ ಬಾಗಿಲೇ ಕಾಣುತ್ತಿರಲಿಲ್ಲ, ನೀಲಿ ಯಾವುದು ಬೂದು ಯಾವುದು ತಿಳಿಯುತ್ತಿರಲಿಲ್ಲ. ಮೊದಲು ಟ್ಯೂಬ್‌ಲೈಟಿಗೆ ಬೈದೆ, ಆಮೇಲೆ ಗಿರಾಕಿಗಳಿಗೆ ಬೈದೆ. ಬೈಯಲು ಇನ್ನಾರೂ ಉಳಿಯದೆ ಕಣ್ಣಿನ ಡಾಕ್ಟರ ಬಳಿ ಹೋದೆ.

ಡಾಕ್ಟರಮ್ಮ ನಾವು ಗಿರಾಕಿಗೆ ಬಣ್ಣಗಳ ಶೇಡ್ ಕಾರ್ಡ್ ಬಿಚ್ಚುವ ಹಾಗೆಯೇ ರೋಗಗಳ ಪಟ್ಟಿ ಬಿಚ್ಚಿದರು.

"ನಿಮ್ಮನ್ನ ಕಾಯಬೇಕಾದ ರೋಗನಿರೋಧಕ ಶಕ್ತೀನೇ ನಿಮ್ಮ ಕಣ್ಣಿನ ಪರದೆ, ರೆಟಿನಾ ಮೇಲೆ ಬಿದ್ದಿದೆ. ಇದರಲ್ಲಿ ಥರಾವರಿ ಇವೆ. ಒಂದಕ್ಕೆ ಮೈಯಲ್ಲೆಲ್ಲೋ ಅಡಗಿರೋ ಕ್ಯಾನ್ಸರ್ ಕಾರಣ. ಒಂದರಲ್ಲಿ ರಕ್ತನಾಳ ಊದ್ಕೊಳ್ಳುತ್ತೆ. ಇನ್ನೊಂದು ಕಣ್ಣಿನ ಜೊತೆಗೆ ಕಿವಿ, ಕೂದಲು, ಚರ್ಮಾನೂ ಬಿಡಲ್ಲ. ನಿಮ್ಮದು ಕಣ್ಣಿನ ಹಿಂದೆ ಚುಕ್ಕೆ ಚುಕ್ಕೆ ಬೀಳೋ ಜಾತಿ."

ನಮ್ಮ ಅಂಗಡಿಯಲ್ಲಾದರೆ ಆರಿಸಿಕೊಳ್ಳಲು ಬಿಡುತ್ತೇವೆ. ಇಲ್ಲಿ ಆ ಮರ್ಯಾದೆಯೂ ಇಲ್ಲ.

"ಆ ಶಕ್ತೀನ ತಗ್ಗಿಸೋಕೆ ಮಾತ್ರೆ ಬರೆದಿದೀನಿ. ನನ್ನ ಕೇಳದೆ ನಿಲ್ಲಿಸಬೇಡಿ. ಹೋದ ದೃಷ್ಟಿ ವಾಪಸ್ ಬರಲ್ಲ."

ನನ್ನನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ ಇದನ್ನು ಕೇಳಿ ಹೌಹಾರಿದಳು. "ಶಕ್ತಿ ಕಮ್ಮಿ ಮಾಡೋಕೆ ಔಷಧೀನಾ? ಆ ಡಾಕ್ಟ್ರಿಗೆ ತಲೆ ಕೆಟ್ಟಿದೆಯಾ?" ಮರುದಿನವೇ ಶಕ್ತಿ ಹೆಚ್ಚಿಸುವ ಪುಡಿಯ ದೊಡ್ಡ ಡಬ್ಬ ಮನೆಗೆ ಬಂತು. ನನ್ನ ಕಣ್ಣಿಗೇ ಕಲ್ಲು ಹೊಡೆಯುತ್ತಿದ್ದ ಮೈಯೊಳಗಿನ ಕಾವಲುಗಾರರಿಗೆ ಹೀಗೆ ನಮ್ಮ ಮನೆಯಲ್ಲೇ ಊಟದ ಏರ್ಪಾಡಾಯಿತು.

ಮಾತ್ರೆ ನುಂಗಿ ನುಂಗಿ ಮುಖ ಊದಿಕೊಂಡಿತು. ಅಂಗಡಿಯವರು ಮದುವೆ ಗಂಡಿನ ಕಳೆ ಬಂದಿದೆ ಎಂದು ರೇಗಿಸಿದರು. ಸಾಕಪ್ಪಾ ಸಾಕು ಎನಿಸಿ ನನಗೆ ನಾನೇ ಪರೀಕ್ಷೆ ಇಟ್ಟುಕೊಂಡೆ. ಅಕ್ಕನ ಕೋಣೆಯ ತಿಳಿನೀಲಿ ಗೋಡೆಯಲ್ಲಿ ಬಣ್ಣ ಉದುರಿದ ಜಾಗವೊಂದಿತ್ತು. ಅಲ್ಲಿಗೆ ಸರಿಹೊಂದುವ ಬಣ್ಣ ಕಲಸಿ ಬಳಿದು, ಒಣಗಿದ ಮೇಲೆ ಅವಳನ್ನು ಕರೆದೆ.

"ಬಣ್ಣ ಒಂದೇ ಇದೆಯಾ? ನಿಜ ಹೇಳು."

"ಎಲ್ಲಿ ಬಳಿದೆ ಅಂತಾನೇ ಗೊತ್ತಾಗಲ್ಲ ಕಣೋ! ನಿನ್ನ ಕೈ ಅಂದ್ರೆ ಕೈ!"

ಭಾವ ಕೂಡ ಕನ್ನಡಕ ಏರಿಸಿ ತಲೆಯಾಡಿಸಿದರು. ಕಣ್ಣು ವಾಸಿಯಾಯಿತಲ್ಲ, ಇನ್ನೇಕೆ ಮಾತ್ರೆ? ಅಂದೇ ನಿಲ್ಲಿಸಿ ಪುಡಿ ಶುರು ಮಾಡಿದೆ. ಅಕ್ಕನ ಸಂಭ್ರಮ ಹೇಳತೀರದು.

ಮುಂದಿನ ತಿಂಗಳು ಕಿಟಕಿಗೆ ಬಣ್ಣ ಹೊಡೆಯಲು ಬಂದ ಪೇಂಟರ್ ಆ ಗೋಡೆಯ ಮುಂದೆ ನಿಂತು ಬಿದ್ದು ಬಿದ್ದು ನಕ್ಕ. "ಅಣ್ಣಾ, ನೀಲಿ ಗೋಡೆಗೆ ಈ ಪಾಚಿ ಬಣ್ಣದ ತೇಪೆ ಹಾಕಿದ ಪುಣ್ಯಾತ್ಮ ಯಾರು?"

ನಾನು ಅಕ್ಕನ ಕಡೆ ತಿರುಗಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

"ನಿನ್ನ ಮನಸ್ಸಿಗೆ ನೋವಾಗುತ್ತೆ ಅಂತ ಸುಮ್ನಿದ್ದೆ ಕಣೋ."

ಎರಡೂ ಕಣ್ಣು ಚೆನ್ನಾಗಿ ಕಾಣುವ ಇಬ್ಬರು ಆ ಪಾಚಿಯನ್ನು ದಿನಾ ನೋಡಿದ್ದರು. ಕಾಣದವನು ನಾನೊಬ್ಬನೇ. ಮರುದಿನವೇ ಮತ್ತೆ ಡಾಕ್ಟರ ಬಳಿ ಓಡಿದೆ, ಅಕ್ಕನೂ ಹಿಂದೆಯೇ ಬಂದಳು.

ಡಾಕ್ಟರಮ್ಮ ನನ್ನ ಬಲಗಣ್ಣಿಗೆ ಬೆಳಕು ಬಿಟ್ಟು ನೋಡಿದರು. "ಈ ಕಣ್ಣಲ್ಲಿ ಹೋಗಿದ್ದು ಹೋಯ್ತು. ಮಾತ್ರೆ ಬಿಡಿಸಿದ್ದು ಯಾರು?"

ಬಾಗಿಲ ಬಳಿ ಅಕ್ಕ ಬಿಕ್ಕುತ್ತಿದ್ದಳು.

"ನಮ್ಮವರೇ ಡಾಕ್ಟ್ರೇ," ಎಂದೆ. "ನನ್ನ ಕಾಯೋಕೆ ಅಂತ ಇದ್ದವರು."